ಗಟ್ ಎಂದರೆ ಕರುಳು

ಟೆನಿಸ್ ಇರಲಿ, ಶಟಲ್ ಇರಲಿ, ಬ್ಯಾಟಿನ ತಂತಿ ಹರಿದಾಗ ಅಂಗಡಿಗೆ ಕೊಟ್ಟು ಮಾಡಿಸುವ ಕೆಲಸಕ್ಕೆ ನಮ್ಮ ಊರುಗಳಲ್ಲಿ ಒಂದೇ ಹೆಸರು: ಗಟ್ಟಿಂಗ್. ಬೆಂಗಳೂರಿನಲ್ಲೂ ಅದೇ, ಹೈದರಾಬಾದಿನಲ್ಲೂ ಅದೇ. ‘ಯಾವ ಗಟ್ ಹಾಕಲಿ?’ ಎಂದು ಅಂಗಡಿಯವರು ಕೇಳುತ್ತಾರೆ. ಗಟ್ ಎಂದರೆ ಇಂಗ್ಲಿಷಿನಲ್ಲಿ ಕರುಳು. ಆದರೆ ಅವರ ಹಿಂದಿನ ಗೋಡೆಯಲ್ಲಿ ನೇತಾಡುವ ಪೊಟ್ಟಣಗಳಲ್ಲಿ ಒಂದರಲ್ಲೂ ಕರುಳಿಲ್ಲ. ಇರುವುದೆಲ್ಲ ನೈಲಾನ್, ಇಲ್ಲವೇ ಪಾಲಿಯೆಸ್ಟರ್. ವಸ್ತು ಹೋಯಿತು, ಹೆಸರು ಉಳಿಯಿತು. ಸ್ಟೀಲ್ ಲೋಟವನ್ನು ನಾವು ‘ಸ್ಟೀಲ್ ಗ್ಲಾಸ್’ ಎನ್ನುವ ಹಾಗೆ. ಭಾಷಾಶಾಸ್ತ್ರ ಓದಿದವರಿಗೆ ಇಂಥ ಪದ ಸಿಕ್ಕಿದರೆ ಬಿಡಲು ಮನಸ್ಸಾಗುವುದಿಲ್ಲ. ಹಿಡಿದು ಎಳೆದರೆ ಹಿಂದೆ ಒಂದು ಚರಿತ್ರೆಯೇ ಬರುತ್ತದೆ.

ನಾನಿರುವ ತಾರ್ನಾಕದ ಹೆಸರಿನಲ್ಲೂ ಒಂದು ತಂತಿಯಿದೆ. ನಿಜಾಮರ ಕಾಲದಲ್ಲಿ ಇಲ್ಲಿದ್ದ ತೋಟಕ್ಕೆ ತಂತಿಬೇಲಿ ಹಾಕಿ, ಕಾವಲಿಗೆ ಒಂದು ನಾಕಾ ಇಟ್ಟಿದ್ದರಂತೆ. ತಾರ್ ಮತ್ತು ನಾಕಾ ಸೇರಿ ತಾರ್ನಾಕ. ಉರ್ದುವಿನ ‘ತಾರ್’ಗೂ ಕನ್ನಡದ ‘ತಂತಿ’ಗೂ ಅರ್ಥದ ಹರವು ಹೆಚ್ಚುಕಡಿಮೆ ಒಂದೇ. ಬೇಲಿಯದೂ ತಂತಿ, ವೀಣೆಯದೂ ತಂತಿ, 2013ರ ಜುಲೈವರೆಗೆ ಅಂಚೆಯವನು ತಂದುಕೊಡುತ್ತಿದ್ದುದೂ ತಂತಿ. ಹಿಂದಿಯಲ್ಲಿ ಇದರ ನೆಂಟನೊಬ್ಬನಿದ್ದಾನೆ, ‘ತಾಂತ್’. ಅದರ ಅರ್ಥ ಕರುಳಿನಿಂದ ಹೊಸೆದ ಹುರಿ ಎಂದೇ. ಹಾಸಿಗೆಯ ಹತ್ತಿ ಬಿಡಿಸಲು ಮನೆ ಬಾಗಿಲಿಗೆ ಬರುತ್ತಿದ್ದ ಪಿಂಜಾರರ ಬಿಲ್ಲು ನೆನಪಿದೆಯೆ? ‘ಟಂಯ್ ಟಂಯ್’ ಎಂದು ಮಿಡಿಯುತ್ತಿದ್ದ ಅದರ ಹೆದೆಯೂ ಕರುಳಿನದೇ. ಅಂದರೆ ಬಿಗಿದು ಕಟ್ಟಿದ ಕರುಳು ಏನನ್ನಾದರೂ ಚಿಮ್ಮಿಸಬಲ್ಲದು ಎಂಬುದು ನಮ್ಮ ಬೀದಿಗೆ ಹೊಸ ವಿಷಯವೇನಲ್ಲ.

ಟೆನಿಸ್‌ಗೆ ಅದು ಬಂದದ್ದು ಫ್ರಾನ್ಸಿನ ಲಿಯಾನ್ ಊರಿನಿಂದ. 1874ರಲ್ಲಿ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಹುಲ್ಲಿನ ಮೇಲೆ ಆಡುವ ಹೊಸ ಆಟವೊಂದಕ್ಕೆ ಪೇಟೆಂಟ್ ಪಡೆದ. ಮರುವರ್ಷ ಲಿಯಾನ್‌ನ ಪಿಯರ್ ಬಾಬೊಲಾ ರ‍್ಯಾಕೆಟ್‌ಗೆಂದೇ ಕರುಳಿನ ತಂತಿ ಮಾಡಿದ. ವಾದ್ಯಗಳಿಗೆ ಬೇಕಾದ ತಂತಿ ಮಾಡುವುದು ಅವನ ಕಸುಬು. ಕುರಿಯ ಕರುಳನ್ನು ತೊಳೆದು, ಸೀಳಿ, ಹೊಸೆದು, ಒಣಗಿಸುವ ವಿದ್ಯೆ ಅವನಿಗೆ ಗೊತ್ತೇ ಇತ್ತು. ಪಿಟೀಲಿನ ತಂತಿ ಬ್ಯಾಟಿಗೆ ಬಂದದ್ದು ಹಾಗೆ. ಇಂಗ್ಲಿಷಿನವರು ಇದಕ್ಕೆ ಕ್ಯಾಟ್‌ಗಟ್ ಎನ್ನುತ್ತಾರೆ, ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲದಿದ್ದರೂ. ಆಮೇಲೆ ಕುರಿಯ ಜಾಗಕ್ಕೆ ದನ ಬಂತು. ಒಂದು ರ‍್ಯಾಕೆಟ್‌ಗೆ ಮೂರ್ನಾಲ್ಕು ದನಗಳ ಕರುಳು ಬೇಕು ಎನ್ನುತ್ತಾರೆ. ಟೆನಿಸ್ ಆಡುತ್ತಿದ್ದ ನಮ್ಮ ಎಷ್ಟೋ ಮಡಿವಂತ ಮನೆಗಳವರು ಈ ಲೆಕ್ಕವನ್ನು ಕೇಳಿರಲಿಕ್ಕಿಲ್ಲ, ಅಥವಾ ಕೇಳಿಯೂ ಕೇಳದಂತಿದ್ದರೇನೋ.

ಕರುಳಿನ ಗುಣ ಏನೆಂದರೆ ಅದು ಹಿಗ್ಗುತ್ತದೆ, ಹಿಗ್ಗಿದಷ್ಟೇ ಚುರುಕಾಗಿ ಹಿಂದಕ್ಕೆ ಬರುತ್ತದೆ, ತಿಂಗಳುಗಟ್ಟಲೆ ಬಿಗಿ ಬಿಡುವುದಿಲ್ಲ. ಅದರ ಶತ್ರು ತೇವ. ಮಳೆಗಾಲದ ಹವೆ ಸಾಕು, ಹುರಿ ಬಿಚ್ಚಿಕೊಂಡು ನಾರು ನಾರಾಗುತ್ತದೆ. ಮರದ ರ‍್ಯಾಕೆಟ್ ಸೊಟ್ಟಗಾಗದಿರಲು ಅದನ್ನು ತಿರುಪುಗಳಿರುವ ಮರದ ಚೌಕಟ್ಟಿನಲ್ಲಿ ಬಿಗಿದಿಡುತ್ತಿದ್ದರು, ತಂತಿಗೆ ವಾರ್ನಿಷ್ ಬಳಿಯುತ್ತಿದ್ದರು. ಮುಂಗಾರಿನ ದೇಶದಲ್ಲಿ ಇದು ದುಬಾರಿ ಸಂಸಾರ. ಗೌಸ್ ಮಹಮದ್ 1939ರಲ್ಲಿ ವಿಂಬಲ್ಡನ್ ಕ್ವಾರ್ಟರ್ ಫೈನಲ್ ಮುಟ್ಟಿದ್ದು, ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ ಅಲ್ಲಿ ಸೆಮಿಫೈನಲ್ ಆಡಿದ್ದು ಈ ಮರ ಮತ್ತು ಕರುಳಿನ ಯುಗದಲ್ಲಿ. ಚೆಂಡನ್ನು ಮುಟ್ಟಿ, ಸವರಿ, ಕೋನ ಹುಡುಕುವ ಆಟ ಅದು.

ಪಾಲಿಯೆಸ್ಟರ್ ಹುಟ್ಟಿದ್ದು 1941ರಲ್ಲಿ, ಇಂಗ್ಲೆಂಡಿನ ಬಟ್ಟೆ ಮುದ್ರಿಸುವವರ ಕಂಪನಿಯೊಂದರ ಪ್ರಯೋಗಾಲಯದಲ್ಲಿ. ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಅದನ್ನು ಕಂಡುಹಿಡಿದರು. ಅಲ್ಲಿ ಅದಕ್ಕೆ ಟೆರಿಲೀನ್ ಎಂಬ ಹೆಸರು ಬಂತು, ಅಮೆರಿಕದಲ್ಲಿ ಡೇಕ್ರಾನ್. ನಮ್ಮಲ್ಲಿ ಟೆರಿಲಿನ್ ಅಂಗಿ, ಟೆರಿಕಾಟ್ ಪ್ಯಾಂಟು ಎಂದು ಮದುವೆ ಮನೆಗಳಲ್ಲಿ ಮೆರೆದದ್ದು ಇದೇ. ಇಸ್ತ್ರಿ ಕೆಡುವುದಿಲ್ಲ, ಬೇಗ ಒಣಗುತ್ತದೆ, ಸೆಕೆಯಲ್ಲಿ ಮಾತ್ರ ಮೈ ಬೇಯುತ್ತದೆ. ನೀರಿನ ಬಾಟಲಿಯೂ ಇದೇ ರಸಾಯನ. ಆದರೆ ರ‍್ಯಾಕೆಟ್‌ಗೆ ಮೊದಲು ಬಂದದ್ದು ಪಾಲಿಯೆಸ್ಟರ್ ಅಲ್ಲ, ನೈಲಾನ್. ಎರಡನೆಯ ಮಹಾಯುದ್ಧದ ನಂತರ ಅಗ್ಗದ ರ‍್ಯಾಕೆಟ್‌ಗಳಿಗೆಲ್ಲ ಅದೇ ಆಯಿತು. ಅದಕ್ಕೆ ಮಾರುಕಟ್ಟೆ ಇಟ್ಟ ಹೆಸರು ‘ಸಿಂಥೆಟಿಕ್ ಗಟ್’. ಕೃತಕ ಕರುಳು! ಪಾಲಿಯೆಸ್ಟರ್ ತಂತಿ 1980ರ ದಶಕದ ಯುರೋಪಿನಲ್ಲಿ ಇತ್ತಾದರೂ ಅದು ಪದೇ ಪದೇ ತಂತಿ ಹರಿದುಕೊಳ್ಳುವವರ ಪಾಲಿನ ಉಳಿತಾಯದ ಸರಕು. ಗಟ್ಟಿ, ಒರಟು, ಬಾಳಿಕೆಯದು. ಅದರಿಂದ ಆಟ ಬದಲಾಗುತ್ತದೆಂದು ಯಾರಿಗೂ ಅನಿಸಿರಲಿಲ್ಲ.

ಆದರೆ ಆ ಬದಲಾವಣೆಯ ಒಂದು ಮುನ್ಸೂಚನೆ 1977ರಲ್ಲೇ ಸಿಕ್ಕಿತ್ತು. ಆ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಜರ್ಮನಿಯ ವೆರ್ನರ್ ಫಿಶರ್ ಎಂಬ ತೋಟಗಾರಿಕೆಯ ಮನುಷ್ಯ ವಿಚಿತ್ರ ರ‍್ಯಾಕೆಟ್ ಒಂದನ್ನು ಕಟ್ಟಿದ. ನೇಕಾರಿಕೆಯ ಮಾತಿನಲ್ಲಿ ಹೇಳುವುದಾದರೆ ರ‍್ಯಾಕೆಟ್‌ನಲ್ಲೂ ಹಾಸು ಮತ್ತು ಹೊಕ್ಕು ಇರುತ್ತವೆ. ಹಿಡಿಯಿಂದ ತಲೆಯ ಕಡೆಗೆ ಹೋಗುವ ಉದ್ದನೆಯ ತಂತಿಗಳು ಹಾಸು. ಅಂಗಡಿಯವರು ಅದನ್ನು ಮೇನ್ ಎನ್ನುತ್ತಾರೆ. ಅಡ್ಡಡ್ಡ ಹೆಣೆಯುವವು ಹೊಕ್ಕು, ಅಂದರೆ ಕ್ರಾಸ್. ಎರಡೂ ಮೇಲೆ ಕೆಳಗೆ ಹೆಣೆದುಕೊಂಡಿರುತ್ತವೆ. ಫಿಶರ್ ಆ ಹೆಣಿಗೆಯನ್ನೇ ತೆಗೆದುಹಾಕಿದ. ಹೊಕ್ಕನ್ನು ಮಧ್ಯದಲ್ಲಿಟ್ಟು, ಅದರ ಎರಡೂ ಬದಿಗೆ ಹಾಸಿನ ಪದರ ಬಿಟ್ಟು, ಅಲ್ಲಲ್ಲಿ ಪ್ಲಾಸ್ಟಿಕ್ ಕೊಳವೆ ತೊಡಿಸಿದ. ಹೆಣಿಗೆ ಇಲ್ಲದ ಮೇಲೆ ಹಾಸಿನ ತಂತಿಗಳು ಪಕ್ಕಕ್ಕೆ ಸಲೀಸಾಗಿ ಜಾರುತ್ತಿದ್ದವು, ಚೆಂಡು ಬಿಟ್ಟುಹೋಗುವ ಮೊದಲೇ ಹಿಂದಕ್ಕೆ ಚಿಮ್ಮುತ್ತಿದ್ದವು. ಚೆಂಡು ಭಯಂಕರವಾಗಿ ತಿರುಗುತ್ತಿತ್ತು. ಜನ ಇದಕ್ಕೆ ಸ್ಪಗೆಟಿ ರ‍್ಯಾಕೆಟ್ ಎಂದು ಹೆಸರಿಟ್ಟರು.

ಆ ವರ್ಷದ ಅಮೆರಿಕನ್ ಓಪನ್‌ನಲ್ಲಿ ಮೈಕ್ ಫಿಶ್‌ಬಾಕ್ ಎಂಬ ಅಷ್ಟೇನೂ ಹೆಸರಿಲ್ಲದ ಆಟಗಾರ ಇಂಥ ರ‍್ಯಾಕೆಟ್ ಹಿಡಿದು ಹಳೆಯ ಚಾಂಪಿಯನ್ ಸ್ಟ್ಯಾನ್ ಸ್ಮಿತ್‌ನನ್ನು ಸೋಲಿಸಿದ. ಅಕ್ಟೋಬರಿನಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ನ ಫೈನಲ್. ಜೇಡಿಮಣ್ಣಿನ ಅಂಗಳದಲ್ಲಿ ಸತತ 53 ಪಂದ್ಯ ಗೆದ್ದು ಬಂದಿದ್ದ ಗಿಲೆರ್ಮೊ ವಿಲಾಸ್ ಎದುರಿಗೆ ಇಲಿ ನಾಸ್ತಾಸೆ ಸ್ಪಗೆಟಿ ರ‍್ಯಾಕೆಟ್ ಹಿಡಿದು ನಿಂತ. ಎರಡು ಸೆಟ್ ಸೋತ ವಿಲಾಸ್ ಇದು ಆಟವೇ ಅಲ್ಲವೆಂದು ಅಂಗಳದಿಂದ ಹೊರನಡೆದ. ಆ ತಿಂಗಳೇ ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆ ಅದನ್ನು ತಾತ್ಕಾಲಿಕವಾಗಿ ನಿಷೇಧಿಸಿತು. 1978ರಲ್ಲಿ ನಿಷೇಧ ಕಾಯಂ ಆಯಿತು. ಅಲ್ಲಿಯವರೆಗೆ ರ‍್ಯಾಕೆಟ್ ಎಂದರೆ ಏನೆಂಬುದಕ್ಕೆ ನಿಯಮಪುಸ್ತಕದಲ್ಲಿ ಒಂದು ವ್ಯಾಖ್ಯೆಯೇ ಇರಲಿಲ್ಲ! ಇನ್ನು ಮುಂದೆ ತಂತಿಗಳು ಸಮತಟ್ಟಾಗಿರಬೇಕು, ಒಂದಕ್ಕೊಂದು ಹೆಣೆದಿರಬೇಕು ಎಂದು ಬರೆದರು. ಅವರು ನಿಷೇಧಿಸಿದ್ದು ಹೆಣಿಗೆಯಿಲ್ಲದ ಕಟ್ಟನ್ನು. ಹೆಣಿಗೆಯೊಳಗೇ ಜಾರುವಂಥ ತಂತಿಯೊಂದು ಬರಬಹುದು ಎಂಬುದು ಅವರ ಊಹೆಗೆ ನಿಲುಕಿರಲಿಲ್ಲ.

ಅದು ಬಂದದ್ದು ಬೆಲ್ಜಿಯಂನಿಂದ. ಆಂಟ್‌ವರ್ಪ್ ಹತ್ತಿರದ ಲಕ್ಸಿಲಾನ್ ಎಂಬ ಕಂಪನಿ ಬಟ್ಟೆ ಉದ್ಯಮಕ್ಕೆ, ವೈದ್ಯಕೀಯಕ್ಕೆ ಬೇಕಾದ ಪ್ಲಾಸ್ಟಿಕ್ ಎಳೆಗಳನ್ನು ಮಾಡುತ್ತಿತ್ತು. 1990ರ ದಶಕದಲ್ಲಿ ಅದು ಟೆನಿಸ್ ತಂತಿಗೂ ಕೈ ಹಾಕಿತು. 1997ರ ಫ್ರೆಂಚ್ ಓಪನ್‌ಗೆ ಗುಸ್ತಾವೊ ಕುಯೆರ್ಟೆನ್ ಎಂಬ ಬ್ರೆಜಿಲ್‌ನ 20ರ ಹುಡುಗ ಆ ತಂತಿ ಹಾಕಿಸಿಕೊಂಡು ಬಂದ. ರ‍್ಯಾಂಕಿಂಗ್‌ನಲ್ಲಿ 66ನೆಯವನು. ಮುಸ್ಟರ್, ಕಾಫೆಲ್ನಿಕೊವ್, ಫೈನಲ್‌ನಲ್ಲಿ ಬ್ರುಗೇರಾ, ಹೀಗೆ ಅಲ್ಲಿನ ಮೂವರು ಹಳೆಯ ಚಾಂಪಿಯನ್ನರನ್ನು ಸೋಲಿಸಿ ಗೆದ್ದ. ಅದೇ ಪ್ಯಾರಿಸ್, ಅದೇ ಜೂನ್: ಬೆಂಗಳೂರಿನ ಮಹೇಶ್ ಭೂಪತಿ ಜಪಾನಿನ ರಿಕಾ ಹಿರಾಕಿ ಜೊತೆ ಮಿಶ್ರ ಡಬಲ್ಸ್ ಗೆದ್ದು ಗ್ರ್ಯಾಂಡ್ ಸ್ಲಾಂ ಪ್ರಶಸ್ತಿ ಪಡೆದ ಮೊದಲ ಭಾರತೀಯನಾದ. ನಮ್ಮ ಪತ್ರಿಕೆಗಳಿಗೆ ಅದೇ ದೊಡ್ಡ ಸುದ್ದಿ, ಸಹಜ. ಪಕ್ಕದ ಅಂಗಳದಲ್ಲಿ ಗೆದ್ದ ಹುಡುಗನ ತಂತಿ ಯಾವುದು ಎಂದು ಕೇಳಿದವರು ಆಟಗಾರರ ಕೋಣೆಯಲ್ಲಷ್ಟೇ ಇದ್ದರು. ಅವರಂತೂ ಕೇಳಿದರು. ಐದಾರು ವರ್ಷದೊಳಗೆ ಆ ತಂತಿಗೆ ‘ಚೀಟಿಲಾನ್’ ಎಂಬ ಅಡ್ಡಹೆಸರು ಬಿತ್ತು, ಮೋಸದ ತಂತಿ ಎಂಬ ಅರ್ಥದಲ್ಲಿ. 2002ರಲ್ಲಿ ಕೋಚ್ ಡ್ಯಾರೆನ್ ಕೇಹಿಲ್ ಮಾತು ಕೇಳಿ ಆಂದ್ರೆ ಅಗಾಸಿ ಅದಕ್ಕೆ ಬದಲಾದ, ಆ ಸಲದ ರೋಮ್ ಟೂರ್ನಿ ಗೆದ್ದ. ತನ್ನ ಆತ್ಮಕಥೆಯಲ್ಲಿ ಆ ತಂತಿಯನ್ನು ಪವಾಡವೆಂಬಂತೆ ಬಣ್ಣಿಸಿದ್ದಾನೆ.

ಪವಾಡ ಏನೂ ಇಲ್ಲ, ಇರುವುದು ಜಾರಿಕೆ. ತಂತಿ ಚೆಂಡನ್ನು ಮರಳುಕಾಗದದಂತೆ ಕಚ್ಚಿ ತಿರುಗಿಸುತ್ತದೆ ಎಂದು ಬಹಳ ಜನ ಇಂದಿಗೂ ನಂಬಿದ್ದಾರೆ. ಅಂಗಡಿಗಳಲ್ಲಿ ಆರು ಮೂಲೆಯ, ಎಂಟು ಮೂಲೆಯ, ತಿರುಚಿದ ತಂತಿಗಳು ಖರ್ಚಾಗುವುದೂ ಈ ನಂಬಿಕೆಯ ಮೇಲೆಯೇ. ಮೂಲೆಗಳಿಂದ ಅಷ್ಟಿಷ್ಟು ಉಪಯೋಗ ಇರಬಹುದು. ಆದರೆ ಸಿಡ್ನಿ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ರಾಡ್ ಕ್ರಾಸ್, ಜಪಾನಿನ ಯೋಶಿಹಿಕೊ ಕವಾಜೊಯೆ ಮೊದಲಾದವರ ಕೆಲಸದಿಂದ ಸ್ಪಷ್ಟವಾದದ್ದು ಬೇರೆ. ಚೆಂಡು ತಂತಿಯ ಮೇಲಿರುವುದು ಒಂದು ಸೆಕೆಂಡಿನ ಸಾವಿರದಲ್ಲಿ ಐದು ಪಾಲಿನಷ್ಟು ಹೊತ್ತು. ಕೆಳಗಿನಿಂದ ಮೇಲಕ್ಕೆ ಸವರುವ ಹೊಡೆತದಲ್ಲಿ ಚೆಂಡು ಹಾಸಿನ ತಂತಿಗಳನ್ನು ಪಕ್ಕಕ್ಕೆ ತಳ್ಳುತ್ತದೆ. ನೈಲಾನ್ ಆದರೆ ಹೊಕ್ಕಿನ ಮೇಲೆ ಉಜ್ಜಿಕೊಂಡು ಅಲ್ಲೇ ನಿಂತುಬಿಡುತ್ತದೆ. ಆಡುವವರು ಪಾಯಿಂಟ್ ಮುಗಿದಾಗಲೆಲ್ಲ ಬೆರಳಿನಿಂದ ತಂತಿ ಸರಿಮಾಡುತ್ತಾ ನಿಲ್ಲುತ್ತಿದ್ದುದು ಅದಕ್ಕೇ. ಪಾಲಿಯೆಸ್ಟರ್ ನುಣುಪು, ಜೊತೆಗೆ ಬಿರುಸು. ತಳ್ಳಿದರೆ ಜಾರುತ್ತದೆ, ಚೆಂಡು ಇನ್ನೂ ಮೇಲಿರುವಾಗಲೇ ಹಿಂದಕ್ಕೆ ಚಿಮ್ಮುತ್ತದೆ, ಆ ಚಿಮ್ಮುವಿಕೆ ಚೆಂಡಿಗೆ ಇನ್ನೊಂದಿಷ್ಟು ತಿರುವು ಕೊಡುತ್ತದೆ. ಫಿಶರ್‌ನ ತಂತ್ರವೇ ಇದು, ನಿಯಮದ ಒಳಗೆ ಕೂತು ಮಾಡಿದ್ದು.

ತಿರುಗುವ ಚೆಂಡು ಗಾಳಿಯಲ್ಲಿ ಯಾಕೆ ಬಾಗುತ್ತದೆ ಎಂಬುದರ ಮೇಲೆ ಲಾರ್ಡ್ ರೇಲಿ ಪ್ರಬಂಧ ಬರೆದದ್ದು 1877ರಲ್ಲಿ. ವಿಷಯ ಟೆನಿಸ್ ಚೆಂಡಿನದೇ. ಮುಂದಕ್ಕೆ ಉರುಳುವಂತೆ ತಿರುಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಹಾಗಾಗಿ ನೆಟ್‌ನಿಂದ ಮೂರು ಅಡಿ ಮೇಲೆ ಹಾದುಹೋದ ಬಿರುಸಾದ ಹೊಡೆತವೂ ಗೆರೆಯ ಒಳಗೇ ಬೀಳುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ: ಈ ತಂತಿಯಲ್ಲಿ ಕರುಳಿನ ಪುಟಿತ ಇಲ್ಲ. ಚೆಂಡು ಹೊರಹೋಗುವುದಿಲ್ಲವೆಂಬ ಧೈರ್ಯ ಬಂದ ಆಟಗಾರ ಇನ್ನೂ ಜೋರಾಗಿ ಬೀಸುತ್ತಾನೆ, ಜೋರಾಗಿ ಬೀಸಿದಷ್ಟೂ ತಿರುವು ಹೆಚ್ಚುತ್ತದೆ. ತಂತಿ ಕೊಟ್ಟದ್ದು ಎಷ್ಟು, ಧೈರ್ಯ ಕೊಟ್ಟದ್ದು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಜಾನ್ ಯಾಂಡೆಲ್ ಎಂಬುವರು ವೇಗದ ಕ್ಯಾಮೆರಾ ಇಟ್ಟು ಅಳೆದಾಗ ಸಾಂಪ್ರಾಸ್, ಅಗಾಸಿಯರ ಫೋರ್‌ಹ್ಯಾಂಡ್ ನಿಮಿಷಕ್ಕೆ 1,800–1,900 ಸುತ್ತಿನ ಆಸುಪಾಸಿನಲ್ಲಿತ್ತು. ನಡಾಲ್‌ನದು ಸರಾಸರಿ 3,200ರ ಹತ್ತಿರ. ನಡಾಲ್‌ನ ತೋಳಿಗೂ ಇದರಲ್ಲಿ ಪಾಲು ಕೊಡಬೇಕು, ಎಲ್ಲವನ್ನೂ ಪ್ಲಾಸ್ಟಿಕ್ಕಿನ ಲೆಕ್ಕಕ್ಕೆ ಬರೆಯಬಾರದು.

ನೆಟ್ ಬಳಿಗೆ ಓಡುವ ಆಟ ಸಿಂಗಲ್ಸ್‌ನಲ್ಲಿ ಸೊರಗಿದ್ದು ಈ ದಶಕದಲ್ಲೇ. ವಿಂಬಲ್ಡನ್ ತನ್ನ ಹುಲ್ಲನ್ನು 2001ರಲ್ಲಿ ಬದಲಿಸಿದ್ದೂ ಒಂದು ಕಾರಣ. ಆದರೆ ಓಡಿಬರುವವನ ಕಾಲಿನ ಬಳಿಗೆ ಧುಮುಕುವ ಚೆಂಡು ದೊಡ್ಡ ಕಾರಣ ಎಂದು ನನಗನಿಸುತ್ತದೆ. ಅಮೃತರಾಜ್, ರಮೇಶ್ ಕೃಷ್ಣನ್ ಆಡಿದ ಮೃದು ಕೈಯ ಟೆನಿಸ್‌ಗೆ ಅಲ್ಲಿಂದ ಮುಂದೆ ಜಾಗ ಉಳಿಯಲಿಲ್ಲ. 1989ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ರಮೇಶ್, ಆಗಿನ ನಂಬರ್ ಒನ್ ವಿಲಾಂಡರ್‌ನನ್ನು ಸೋಲಿಸಿದ ಬಗೆ ಇವತ್ತಿನ ಅಂಗಳದಲ್ಲಿ ಊಹಿಸಲೂ ಆಗದು. ಪೇಸ್, ಭೂಪತಿ, ಸಾನಿಯಾ, ಕೊಡಗಿನ ಬೋಪಣ್ಣ, ನಮ್ಮವರ ದೊಡ್ಡ ಗೆಲುವುಗಳು ಆಮೇಲೆ ಹೆಚ್ಚಾಗಿ ಡಬಲ್ಸ್‌ನಲ್ಲೇ ಬಂದವು. ನೆಟ್ ಬಳಿಯ ಚುರುಕು ಕೈಗೆ ಅಲ್ಲಿ ಇನ್ನೂ ಬೆಲೆಯಿದೆ.

ಇಷ್ಟಾದ ಮೇಲೆ ತೋಳಿನ ಮಾತು. ತಾರ್ನಾಕದ ಸುತ್ತ ಟೆನಿಸ್ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಹೈದರಾಬಾದಿನಲ್ಲೇ ಬೆಳೆದ ಹುಡುಗಿಯೊಬ್ಬಳು 2005ರ ಫೆಬ್ರವರಿಯಲ್ಲಿ ಇದೇ ಊರಿನ ಟೂರ್ನಿ ಗೆದ್ದು, 2007ರಲ್ಲಿ 27ನೆಯ ರ‍್ಯಾಂಕಿಗೆ ಏರಿದ್ದನ್ನು ನೋಡಿದ ಊರಿದು. ಹೋದ ಬೇಸಿಗೆಯಲ್ಲಿ ಅಂಗಡಿಯೊಂದರಲ್ಲಿ ನನ್ನ ಸರದಿಗೆ ಕಾಯುತ್ತಿದ್ದಾಗ ಮುಂದೆ ಒಬ್ಬ ತಂದೆ, ಹನ್ನೊಂದು ಹನ್ನೆರಡರ ಮಗಳು. ‘ನಡಾಲ್ ಹಾಕೋ ಕಪ್ಪು ಗಟ್ಟೇ ಬೇಕು, ಟೈಟಾಗಿ ಹಾಕಿ’ ಎಂದು ಅವರು. ಗಟ್ಟಿಂಗ್ ಮಾಡುವ ಹಿರಿಯರು ಮಗಳನ್ನು ಕೇಳಿದರು, ‘ಬೇಟಾ, ಎಷ್ಟು ದಿನಕ್ಕೊಮ್ಮೆ ತಂತಿ ಹರೀತದೆ?’ ‘ಹರಿದೇ ಇಲ್ಲ ಅಂಕಲ್.’ ‘ಹಂಗಾದ್ರೆ ಇದು ನಿಂಗೆ ಯಾಕೆ?’ ಅವರು ಕಲಬುರಗಿ ಕಡೆಯವರು, ನನ್ನ ಜೊತೆ ಕನ್ನಡ, ತಂದೆಯ ಜೊತೆ ತೆಲುಗು, ಹುಡುಗಿಯ ಜೊತೆ ಮೂರೂ ಬೆರಕೆ. ತಂದೆಗೆ ಆ ಪ್ರಶ್ನೆ ಹಿಡಿಸಲಿಲ್ಲ. ಹುಡುಗಿ ಮಾತಾಡುತ್ತಲೇ ಬಲ ಮೊಣಕೈಯನ್ನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದಳು.

ಆ ಪ್ರಶ್ನೆ ಸರಿಯಾದದ್ದು. ತಂತಿಯ ಬಿರುಸನ್ನು ಪ್ರಯೋಗಾಲಯಗಳಲ್ಲಿ ಅಳೆಯುತ್ತಾರೆ: ಒಂದು ಇಂಚು ಹಿಗ್ಗಿಸಲು ಎಷ್ಟು ಪೌಂಡ್ ಬಲ ಬೇಕು ಎಂದು. ಕರುಳು 100ರ ಆಸುಪಾಸು. ನೂರಾರು ಸಣ್ಣ ಎಳೆ ಸೇರಿಸಿದ ಮೃದು ನೈಲಾನ್, ಅಂದರೆ ಮಲ್ಟಿಫಿಲಮೆಂಟ್, ಮತ್ತು ಸಾಮಾನ್ಯ ನೈಲಾನ್ ಸುಮಾರು 150ರಿಂದ 220. ಪಾಲಿಯೆಸ್ಟರ್ 200ರಿಂದ 300. ಬಿರುಸು ಹೆಚ್ಚಿದಷ್ಟೂ ಹೊಡೆತದ ಅದುರು ಮಣಿಕಟ್ಟು, ಮೊಣಕೈ, ಭುಜಕ್ಕೆ ಹೆಚ್ಚು ತಲುಪುತ್ತದೆ. ಮೊಣಕೈ ನೋವಿಗೆ ಹಿಡಿಯ ಗಾತ್ರ, ಹೊಡೆಯುವ ರೀತಿ, ಆಡುವ ಗಂಟೆಗಳು, ಎಲ್ಲವೂ ಕಾರಣವಾಗಬಹುದು. ಆದರೆ ಸುಲಭವಾಗಿ ಬದಲಿಸಲು ಬರುವುದು ತಂತಿಯನ್ನೇ. ತಂತಿಯನ್ನು ಸರಿಸುವಷ್ಟು ಜೋರಾಗಿ ಬೀಸಲಾರದ ಮಗುವಿಗೆ ಪಾಲಿಯೆಸ್ಟರ್‌ನಿಂದ ತಿರುವೂ ಸಿಗದು, ನೋವು ಮಾತ್ರ ಸಿಗುತ್ತದೆ. ವಾರಾಂತ್ಯದಲ್ಲಿ ಆಡುವ ನಲವತ್ತರ ಸಾಫ್ಟ್‌ವೇರ್ ಮಂದಿಗೂ ಇದೇ ಮಾತು.

ಇನ್ನೊಂದು ಮೋಸ, ಈ ತಂತಿ ಹರಿಯುವ ಮೊದಲೇ ಸಾಯುತ್ತದೆ. ಮೊದಲ ಕೆಲವು ಗಂಟೆಗಳಲ್ಲೇ ಬಿಗಿ ಗಣನೀಯವಾಗಿ ಇಳಿಯುತ್ತದೆ. ಹಾಸು ಹೊಕ್ಕು ಉಜ್ಜುವ ಕಡೆ ಕಚ್ಚು ಬಿದ್ದು ಜಾರಿಕೆ ನಿಲ್ಲುತ್ತದೆ. ಆಗ ಉಳಿಯುವುದು ಬಿರುಸೊಂದೇ. ವೃತ್ತಿಪರರು ಪ್ರತಿ ಪಂದ್ಯಕ್ಕೆ ಹೊಸ ತಂತಿ ಹಾಕಿಸುತ್ತಾರೆ, ಪಂದ್ಯದ ನಡುವೆಯೂ ರ‍್ಯಾಕೆಟ್ ಬದಲಿಸುತ್ತಾರೆ. ನಮ್ಮಲ್ಲಿ ‘ಇನ್ನೂ ಹರಿದಿಲ್ಲವಲ್ಲ’ ಎಂದು ಆರು ತಿಂಗಳು ಅದರಲ್ಲೇ ಆಡುತ್ತೇವೆ. ಕರುಳಿನ ಕಾಲದ ಲೆಕ್ಕ ಅದು. ಹೆಸರಿನ ಜೊತೆ ಅಭ್ಯಾಸವೂ ಉಳಿದುಕೊಂಡಿದೆ.

ಆದರೂ ಪಾಲಿಯೆಸ್ಟರ್ ಬೇಕೇ ಬೇಕು ಎನ್ನುವವರಿದ್ದಾರೆ, ಬೇಕಾಗುವ ಆಟವೂ ಇದೆ. ಉದ್ದ ಬೀಸುಗೆಯಲ್ಲಿ ಕೆಳಗಿಂದ ಮೇಲಕ್ಕೆ ಹೊಡೆದು, ತಿಂಗಳಿಗೆರಡು ಸಲ ನೈಲಾನ್ ಹರಿದುಕೊಳ್ಳುವವರಿಗೆ ಅದು ಸರಿ. ಅಂಥವರು ದಪ್ಪ 1.30 ಮಿಲಿಮೀಟರ್ ಬಿಟ್ಟು 1.20 ಅಥವಾ 1.25 ನೋಡಬಹುದು: ತೆಳ್ಳಗಿನದು ಸುಲಭವಾಗಿ ಸರಿಯುತ್ತದೆ, ಕೈಗೂ ಕೊಂಚ ಹಗುರ. ನೈಲಾನ್‌ಗೆ 55 ಪೌಂಡ್ ಬಿಗಿ ಹೇಳುವವರು ಪಾಲಿಗೆ 50 ಅಥವಾ ಇನ್ನೂ ಕೆಳಗೆ ಹೇಳಬೇಕು. ಬಿಗಿ ಹೆಚ್ಚಿದರೆ ಹಿಡಿತ ಹೆಚ್ಚುತ್ತದೆ ಎಂಬ ಹಳೆಯ ಗಾದೆಯಂಥ ಮಾತು ಕರುಳಿಗೆ ಒಪ್ಪುತ್ತಿತ್ತು. ಪಾಲಿಯಲ್ಲಿ ಹಿಡಿತ ಬರುವುದು ತಿರುವಿನಿಂದ. 58ಕ್ಕೆ ಬಿಗಿದರೆ ನೋಯುವುದು ತೋಳು. ಆಕಾರ ಆರಿಸುವಾಗ ಮೂಲೆಗಳ ಲೆಕ್ಕಕ್ಕಿಂತ ನುಣುಪು ಮುಖ್ಯ. ಮೇನ್‌ಗೆ ಪಾಲಿ, ಕ್ರಾಸ್‌ಗೆ ಮೃದು ನೈಲಾನ್ ಹಾಕಿಸಿದರೆ ತಿರುವಿನ ಬಹುಪಾಲು ಉಳಿಯುತ್ತದೆ, ಅದುರು ತಗ್ಗುತ್ತದೆ. ಇದಕ್ಕೆ ಹೈಬ್ರಿಡ್ ಎನ್ನುತ್ತಾರೆ. ಫೆಡರರ್ ತಿರುಗಾಮುರುಗಾ ಮಾಡುತ್ತಿದ್ದ: ಹಾಸಿಗೆ ದನದ ಕರುಳು, ಹೊಕ್ಕಿಗೆ ಲಕ್ಸಿಲಾನ್. 1875ರ ಲಿಯಾನ್ ಮತ್ತು 1990ರ ದಶಕದ ಆಂಟ್‌ವರ್ಪ್ ಒಂದೇ ರ‍್ಯಾಕೆಟ್‌ನಲ್ಲಿ ಹೆಣೆದುಕೊಂಡಿದ್ದವು. ಅಂಥ ಜೋಡಿ ನಮ್ಮ ಜೇಬಿಗೂ ನಮ್ಮ ಜುಲೈ ಮಳೆಗೂ ತಡೆಯುವಂಥದ್ದಲ್ಲ.

ಬೇಸಿಗೆಯ ಬಗ್ಗೆ ಒಂದು ಮಾತು. ಪಾಲಿಯೆಸ್ಟರ್ 70–80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗತೊಡಗುವ ಪ್ಲಾಸ್ಟಿಕ್. ಮೇ ತಿಂಗಳ ಹೈದರಾಬಾದಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗು ಅದಕ್ಕೆ ಬಹಳ ದೂರದಲ್ಲಿರುವುದಿಲ್ಲ, ಬಿಗಿಯಂತೂ ಬೇಗ ಇಳಿಯುತ್ತದೆ. ಬೆಳಿಗ್ಗೆ ಆಡಿ ರ‍್ಯಾಕೆಟ್ಟನ್ನು ಡಿಕ್ಕಿಯಲ್ಲೇ ಬಿಟ್ಟು ಆಫೀಸಿಗೆ ಹೋಗುವವರು ಅದನ್ನು ಮೇಜಿನ ಕೆಳಗಾದರೂ ಇಟ್ಟುಕೊಳ್ಳುವುದು ಒಳ್ಳೆಯದು.

ಆ ಹುಡುಗಿಗೆ ಹಿರಿಯರು ಕೊನೆಗೆ ಹಾಕಿಕೊಟ್ಟದ್ದು ನೈಲಾನ್, 48 ಪೌಂಡ್. ತಂದೆಯ ಸಮಾಧಾನಕ್ಕೆ ಕಪ್ಪು ಬಣ್ಣದ್ದನ್ನೇ ಹುಡುಕಿ ತೆಗೆದರು.